ಹ್ಯಾಟ್ರಿಕ್ ಹಿಂದಿದ್ದ ಕೆಂಪಯ್ಯ

ಕ್ಯಾಲನೂರಿನ ನಮ್ಮ ಹುಡುಗರಿಗೆ ಫುಟ್‌ಬಾಲ್ ಅಂದ್ರೆ ಮೆಸ್ಸಿ, ರೊನಾಲ್ಡೊ. 'ನಮ್ಮ ಕೆಂಪಯ್ಯನವರು ಒಲಿಂಪಿಕ್ಸ್ ಆಡಿದ್ರು ಕಣ್ರೋ' ಅಂದರೆ, 'ಸುಮ್ನಿರಣ್ಣ, ಕಬಡ್ಡಿ ಆಟಗಾರನ ಹೆಸರಿದ್ದಂಗಿದೆ' ಅಂತ ನಗ್ತಾರೆ.

ಆಡಿದ್ದು ನಿಜ. 1956ರ ಡಿಸೆಂಬರ್ 1, ಮೆಲ್ಬರ್ನ್. ಕನ್ನಡನಾಡು ಒಂದಾಗಿ ಸರಿಯಾಗಿ ಒಂದು ತಿಂಗಳು. ಕ್ವಾರ್ಟರ್ ಫೈನಲ್‌ನಲ್ಲಿ ಭಾರತ ಆತಿಥೇಯ ಆಸ್ಟ್ರೇಲಿಯಾವನ್ನು 4-2ರಿಂದ ಸೋಲಿಸಿತು. ನೆವಿಲ್ ಡಿಸೋಜಾ ಅವರ ಹ್ಯಾಟ್ರಿಕ್ ಇವತ್ತಿಗೂ ಮಾತಾಗುತ್ತೆ. ಮೈಸೂರು ರಾಜ್ಯದ ಕೆಂಪಯ್ಯ ಅದೇ ತಂಡದ ಹಾಫ್‌ಬ್ಯಾಕ್. ಎದುರಾಳಿ ಕಾಲಿಂದ ಚೆಂಡು ಕಿತ್ತು, ಮುಂದಿನವರಿಗೆ ದಾಟಿಸಿ, ಮತ್ತೆ ಹಿಂದಕ್ಕೆ ಓಡೋದೇ ಹಾಫ್‌ಬ್ಯಾಕ್ ಕೆಲಸ.

ಆಮೇಲೆ ಯುಗೊಸ್ಲಾವಿಯಾ, ಬಲ್ಗೇರಿಯಾ ಎದುರು ಸೋತು ಭಾರತ ನಾಲ್ಕನೇ ಸ್ಥಾನಕ್ಕೆ ನಿಂತಿತು. ಒಲಿಂಪಿಕ್ ಫುಟ್‌ಬಾಲ್‌ನಲ್ಲಿ ನಮ್ಮ ದೊಡ್ಡ ಸಾಧನೆ ಇನ್ನೂ ಅದೇ. 1960ರ ರೋಮ್ ಒಲಿಂಪಿಕ್ಸ್ ತಂಡದಲ್ಲೂ ಕೆಂಪಯ್ಯ ಇದ್ದರು. ಅಲ್ಲಿ ಫ್ರಾನ್ಸ್ ಜೊತೆ 1-1 ಡ್ರಾ.

ವೀಕೆಂಡ್ ಟರ್ಫ್‌ನಲ್ಲಿ ನಾನೂ ಡಿಫೆಂಡರ್. ಗೋಲ್ ಬಿಟ್ಟರೆ ಬೈಗುಳ ನಮಗೆ. ತಡೆದದ್ದನ್ನು ಯಾರೂ ಲೆಕ್ಕ ಇಡಲ್ಲ. ನಿಮ್ಮ ಆಫೀಸಲ್ಲೂ ಇಂಥ ಒಬ್ಬರು ಇರ್ತಾರೆ: ಏನೂ ಕೆಡದಂತೆ ನೋಡ್ಕೊಳ್ಳೋರು, ಪ್ರಮೋಷನ್ ಪಟ್ಟಿಯಲ್ಲಿ ಕಾಣಿಸದೋರು. ಸೋಮವಾರ ಅವರಿಗೊಂದು ಕಾಫಿ ಕೊಡಿಸಿ, ಕೆಂಪಯ್ಯನವರ ಕಥೆ ಹೇಳಿ.