ಖತ್ನಾಕ್ಕೆ ಮುಂಚೆ ಇದನ್ನೊಮ್ಮೆ ನೋಡಿ

ಗಂಡು ಮಗುವಿನ ಮೂತ್ರ ಶಿಶ್ನದ ತುದಿಯಿಂದ ಬರಬೇಕು. ಕೆಲವು ಮಕ್ಕಳಿಗೆ ಹುಟ್ಟಿನಿಂದಲೇ ಆ ರಂಧ್ರ ತುದಿಯಲ್ಲಿರದೆ ಕೆಳಭಾಗದಲ್ಲಿರುತ್ತದೆ. ಇದಕ್ಕೆ ಹೈಪೋಸ್ಪೇಡಿಯಸ್ ಎನ್ನುತ್ತಾರೆ. ಸುಮಾರು 250ರಿಂದ 300 ಗಂಡು ಮಕ್ಕಳಲ್ಲಿ ಒಬ್ಬರಿಗೆ ಇದು ಇರುತ್ತದೆ. ಗರ್ಭದಲ್ಲಿ ಮೂತ್ರನಾಳ ತುದಿಯವರೆಗೆ ಪೂರ್ತಿ ರೂಪುಗೊಳ್ಳದಿದ್ದಾಗ ಹೀಗಾಗುತ್ತದೆ. ಗ್ರಹಣದಿಂದ ಆಗುವುದಲ್ಲ, ತಾಯಿಯ ತಪ್ಪೂ ಅಲ್ಲ.

ಇಂಥ ಮಕ್ಕಳಲ್ಲಿ ಮುಂದೊಗಲು ಸಾಮಾನ್ಯವಾಗಿ ಮೇಲ್ಭಾಗದಲ್ಲಿ ಟೊಪ್ಪಿಗೆಯಂತೆ ಇದ್ದು, ಕೆಳಗಡೆ ಇರುವುದಿಲ್ಲ. ಅದನ್ನು ಕಂಡ ಮನೆಯವರು ‘ಮಗುವಿಗೆ ಹುಟ್ಟುವಾಗಲೇ ಸುನ್ನತ್ ಆಗಿದೆ’ ಎಂದು ಸಂತೋಷಪಡುವುದುಂಟು. ಹಾಗೆ ಕಂಡರೆ ಮೊದಲು ವೈದ್ಯರಿಗೆ ತೋರಿಸಿ. ಮೂತ್ರದ ಧಾರೆ ಕೆಳಕ್ಕೆ ಬೀಳುವುದು, ಶಿಶ್ನ ಕೆಳಕ್ಕೆ ಬಾಗಿರುವುದು ಇನ್ನೆರಡು ಗುರುತುಗಳು. ಜೊತೆಗೆ ವೃಷಣ ಕೈಗೆ ಸಿಗದಿದ್ದರೆ ತಡಮಾಡದೆ ಹೋಗಿ.

ಖತ್ನಾ ಏಕೆ ತಡೆಯಬೇಕು? ನಾವು ತೆಗೆದುಬಿಡುವ ಆ ಮುಂದೊಗಲೇ ಶಸ್ತ್ರಕ್ರಿಯೆಗೆ ಬೇಕಾಗುವ ಬಂಡವಾಳ. ಸಣ್ಣ ದೋಷವಾದರೆ ಇರುವ ಚರ್ಮದಲ್ಲೇ ನಾಳ ರಚಿಸುತ್ತಾರೆ. ದೋಷ ದೊಡ್ಡದಾದರೆ ಹೆಚ್ಚಿನ ಚರ್ಮ ಬೇಕು. ಅದಕ್ಕೆ ಎರಡು ದಾರಿಗಳಿವೆ. ಮುಂದೊಗಲನ್ನು ಅದರ ರಕ್ತನಾಳ ಕಡಿಯದೆ ತಿರುಗಿಸಿ ತಂದು ಜೋಡಿಸಿದರೆ ಅದು ಫ್ಲಾಪ್. ಪೂರ್ತಿ ಬೇರ್ಪಡಿಸಿ ಕಸಿ ಮಾಡಿದರೆ ಅದು ಗ್ರಾಫ್ಟ್. ಇಟ್ಟ ಜಾಗದಿಂದಲೇ ಅದಕ್ಕೆ ಹೊಸ ರಕ್ತ ಸಿಗಬೇಕು. ಆದ್ದರಿಂದ ಕೆಲವೊಮ್ಮೆ ಆರು ತಿಂಗಳ ಅಂತರದಲ್ಲಿ ಎರಡು ಹಂತದ ಶಸ್ತ್ರಕ್ರಿಯೆ ಮಾಡುತ್ತಾರೆ. ಮುಂದೊಗಲಿನಿಂದ ಒಂದೇ ಹಂತದಲ್ಲಿ ನಾಳ ರಚಿಸುವ ಒಂದು ವಿಧಾನವನ್ನು 1971ರಲ್ಲಿ ಪ್ರಕಟಿಸಿದವರು ನಮ್ಮ ದೇಶದವರೇ ಆದ ಆಗ್ರಾದ ಡಾ. ಎಚ್.ಎಸ್. ಅಸೋಪಾ ಮತ್ತು ಸಂಗಡಿಗರು.

ಖತ್ನಾ ಆಗಿಹೋಗಿದ್ದರೂ ದಾರಿ ಮುಚ್ಚಿಲ್ಲ. ಕೆನ್ನೆ ಅಥವಾ ತುಟಿಯ ಒಳಪದರದಿಂದ ಗ್ರಾಫ್ಟ್ ತೆಗೆದುಕೊಳ್ಳಬಹುದು. ಆದರೆ ಬಾಯಲ್ಲೂ ಗಾಯವಾಗುತ್ತದೆ, ಕೆಲಸವೂ ಕಠಿಣ.

ಶಸ್ತ್ರಕ್ರಿಯೆಗೆ 6ರಿಂದ 18 ತಿಂಗಳ ವಯಸ್ಸು ಒಳ್ಳೆಯದು. ನಂತರ ಕೆಲವು ದಿನ ಮೂತ್ರಕ್ಕೆ ಸಣ್ಣ ನಳಿಕೆ ಇರುತ್ತದೆ. ಅದನ್ನು ಮಗು ಎಳೆಯದಂತೆ ನೋಡಿಕೊಳ್ಳಿ. ಕೆಲವರಲ್ಲಿ ಹೊಲಿಗೆಯ ಪಕ್ಕದಿಂದ ಮೂತ್ರ ಸೋರಬಹುದು, ನಾಳ ಕಿರಿದಾಗಬಹುದು. ಆಗ ಮತ್ತೊಂದು ಶಸ್ತ್ರಕ್ರಿಯೆ ಬೇಕಾದೀತು. ಆದ್ದರಿಂದ ಕರೆದಾಗಲೆಲ್ಲ ತಪಾಸಣೆಗೆ ಹೋಗಿ.

ಏಳನೆಯ ದಿನದ ಅಕೀಕಾ, ಹೆಸರಿಡುವುದು ಎಲ್ಲವನ್ನೂ ಮಾಡಿ. ಖತ್ನಾ ಮಾತ್ರ ನಿಲ್ಲಿಸಿ. ಮಗುವಿಗೆ ತೊಂದರೆಯಾಗುವಂತಿದ್ದರೆ ಅದನ್ನು ಮುಂದಕ್ಕೆ ಹಾಕಲು ಶರೀಅತ್‌ನಲ್ಲಿ ಅಡ್ಡಿಯಿಲ್ಲ. ಹಿರಿಯರು ಒಪ್ಪದಿದ್ದರೆ ಇಮಾಮ್ ಸಾಹೇಬರಿಂದಲೇ ತಿಳಿಹೇಳಿಸಿ. ಮುಂದೊಗಲು ಶಸ್ತ್ರಕ್ರಿಯೆಯಲ್ಲೇ ಬಳಕೆಯಾಗುವುದರಿಂದ ಎಷ್ಟೋ ಮಕ್ಕಳಿಗೆ ಆಮೇಲೆ ಬೇರೆ ಖತ್ನಾ ಬೇಕಾಗುವುದೇ ಇಲ್ಲ.

ದೇವರ ಹಿಪ್ಪರಗಿ, ಸಿಂದಗಿ, ಇಂಡಿ, ಬಸವನ ಬಾಗೇವಾಡಿ, ಮುದ್ದೇಬಿಹಾಳ ಕಡೆಯವರು ಮೊದಲು ತಾಲ್ಲೂಕಿನ ಮಕ್ಕಳ ವೈದ್ಯರಿಗೆ ತೋರಿಸಿ. ವಿಜಯಪುರದಲ್ಲಿ ಜಿಲ್ಲಾ ಆಸ್ಪತ್ರೆಯೂ ಅಲ್-ಅಮೀನ್, ಬಿ.ಎಲ್.ಡಿ.ಇ. ವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳೂ ಇವೆ. ಮಕ್ಕಳ ಶಸ್ತ್ರಚಿಕಿತ್ಸಕರನ್ನೇ ಕೇಳಿ ಹೋಗಿ. ಆಯುಷ್ಮಾನ್ ಕಾರ್ಡ್ ಇದ್ದರೆ ಒಯ್ಯಿರಿ.

ಉಚಿತ ಸುನ್ನತ್ ಶಿಬಿರ ನಡೆಸುವ ಜಮಾಅತ್‌ನವರಿಗೂ ಒಂದು ಮಾತು: ಕತ್ತರಿ ಹಿಡಿಯುವ ಮುನ್ನ ಪ್ರತಿ ಮಗುವಿನ ಮೂತ್ರದ್ವಾರವನ್ನು ವೈದ್ಯರು ಪರೀಕ್ಷಿಸಲಿ. ಕೆಲವರಲ್ಲಿ ಮುಂದೊಗಲು ಹಿಂದೆ ಸರಿದಾಗಷ್ಟೇ ದೋಷ ಕಾಣುತ್ತದೆ. ಕಂಡ ಕ್ಷಣವೇ ಕೈ ತಡೆಯಿರಿ.