ಏಪ್ರಿಕಾಟ್ ತಿರುಳು ಕ್ಯಾನ್ಸರ್‌ಗೆ ಮದ್ದಲ್ಲ

ಏಪ್ರಿಕಾಟ್ ಗೊರಟು ಒಡೆದರೆ ಸಿಗುವ, ನೋಡಲು ಬಾದಾಮಿಯಂತಿರುವ ಕಹಿ ತಿರುಳನ್ನು ‘ವಿಟಮಿನ್ ಬಿ17’ ಎಂದು ಹೊಗಳಿ, ಕ್ಯಾನ್ಸರ್ ವಾಸಿಮಾಡುತ್ತದೆ ಎಂದು ಮಾರುವವರಿದ್ದಾರೆ. ಅದು ವಿಟಮಿನ್ನೇ ಅಲ್ಲ. ಅದರಲ್ಲಿರುವುದು ಅಮಿಗ್ಡಲಿನ್, ಅಗಿದು ನುಂಗಿದರೆ ಒಡೆದು ಸಯನೈಡ್ ಬಿಡುತ್ತದೆ. ಆ ಸಯನೈಡ್ ಕ್ಯಾನ್ಸರ್ ಕೋಶಗಳನ್ನಷ್ಟೇ ಕೊಲ್ಲುತ್ತದೆ ಎನ್ನುತ್ತಾರಲ್ಲ, ಅಮೆರಿಕದ ವೈದ್ಯರು ಅದನ್ನೂ ಪರೀಕ್ಷಿಸಿದರು. 1982ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ 178 ರೋಗಿಗಳಿಗೆ ಅಮಿಗ್ಡಲಿನ್ ಕೊಟ್ಟರೂ ಪ್ರಯೋಜನ ಕಾಣಲಿಲ್ಲ. ಕೆಲವರಲ್ಲಿ ಸಯನೈಡ್ ವಿಷದ ಲಕ್ಷಣಗಳೇ ಕಂಡವು.

‘ನೈಸರ್ಗಿಕ ತಾನೇ, ಸ್ವಲ್ಪ ತಿಂದರೇನು?’ ಎನ್ನಬಹುದು. ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2016ರಲ್ಲಿ ಹಾಕಿದ ಲೆಕ್ಕದಂತೆ, ದೊಡ್ಡವರು ಒಮ್ಮೆಗೆ ಮೂರಕ್ಕಿಂತ ಹೆಚ್ಚು ಚಿಕ್ಕ ಹಸಿ ತಿರುಳು ತಿಂದರೆ ಸುರಕ್ಷಿತ ಮಿತಿ ದಾಟಬಹುದು. ಪುಟ್ಟ ಮಕ್ಕಳಿಗೆ ಒಂದೇ ಸಾಕು. ಈ ತಿರುಳು ತಿಂದ ಮೇಲೆ ತಲೆಸುತ್ತು, ವಾಂತಿ, ಏದುಸಿರು ಶುರುವಾದರೆ ತಕ್ಷಣ ಆಸ್ಪತ್ರೆಗೆ ಹೋಗಿ, ತಿಂದದ್ದೇನೆಂದು ವೈದ್ಯರಿಗೆ ಹೇಳಿ.