ನಿದ್ರೆಗೆ ಬಂದ ಬಿಲ್ಲು

1842ನೆಯ ಇಸವಿಯ ಮಾರ್ಚ್ 30ರಂದು ಅಮೆರಿಕದ ಜಾರ್ಜಿಯಾ ಪ್ರಾಂತದ ಜೆಫರ್ಸನ್ ಎಂಬ ಸಣ್ಣ ಊರಿನಲ್ಲಿ ಕ್ರಾಫರ್ಡ್ ಲಾಂಗ್ ಎಂಬ ತರುಣ ವೈದ್ಯನು ಜೇಮ್ಸ್ ವೆನಬಲ್ ಎಂಬಾತನಿಗೆ ಈಥರಿನ ಆವಿಯನ್ನು ಉಸಿರಾಡಿಸಿ, ಅವನ ಕುತ್ತಿಗೆಯ ಮೇಲಿದ್ದ ಗೆಡ್ಡೆಯೊಂದನ್ನು ಕತ್ತರಿಸಿ ತೆಗೆದನು. ರೋಗಿಗೆ ನೋವಿನ ಅರಿವೇ ಆಗಲಿಲ್ಲ. ವೈದ್ಯನು ತನ್ನ ಲೆಕ್ಕದ ಪುಸ್ತಕದಲ್ಲಿ ಈಥರಿಗೂ ಗೆಡ್ಡೆ ತೆಗೆದುದಕ್ಕೂ ಸೇರಿಸಿ 2 ಡಾಲರು ಎಂದು ಬರೆದಿಟ್ಟನು. ಅರಿವಳಿಕೆಗೆ ಹಾಕಿದ ಮೊತ್ತಮೊದಲ ಬಿಲ್ಲು ಬಹುಶಃ ಇದೇ ಇರಬೇಕು.

ಅಲ್ಲಿಗೆ ಲೆಕ್ಕ ಸರಳವಾಗಿತ್ತು. ನಾಲ್ಕು ವರ್ಷಗಳ ಬಳಿಕ, 1846ರ ಅಕ್ಟೋಬರ್ 16ರಂದು, ಬಾಸ್ಟನ್ ನಗರದ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ ವಿಲಿಯಂ ಮಾರ್ಟನ್ ಎಂಬ ದಂತವೈದ್ಯನು ಇದೇ ಈಥರಿನ ಮಹಿಮೆಯನ್ನು ಹತ್ತಾರು ಜನರ ಕಣ್ಣೆದುರಿಗೆ ತೋರಿಸಿಕೊಟ್ಟನು. ತಿಂಗಳು ತುಂಬುವುದರೊಳಗೆ ಅದಕ್ಕೆ ಪೇಟೆಂಟನ್ನೂ ಪಡೆದನು. ಆದರೆ ಈಥರನ್ನು ಯಾರು ತಾನೆ ಗುಟ್ಟಾಗಿ ಇಟ್ಟುಕೊಳ್ಳಬಲ್ಲರು? ಎಲ್ಲರೂ ಬಳಸಿದರು, ಹಣ ಕೊಟ್ಟವರು ವಿರಳ. ಸರಕಾರದಿಂದಲಾದರೂ ಬಹುಮಾನ ದೊರೆಯಲೆಂದು ವರುಷಗಟ್ಟಲೆ ಅಲೆದಾಡಿದ ಮಾರ್ಟನ್ 1868ರಲ್ಲಿ ಬರಿಗೈಯಲ್ಲೇ ತೀರಿಕೊಂಡನು. ನೋವಿಲ್ಲದ ನಿದ್ರೆಗೆ ಬೆಲೆ ಕಟ್ಟುವುದು ಹೇಗೆಂಬ ಜಗಳ ಅಂದು ಹುಟ್ಟಿದ್ದು. ಇಂದಿಗೂ ಅಮೆರಿಕದಲ್ಲಿ ಅದು ಮುಗಿದಿಲ್ಲ.

ಮಕ್ಕಳು ಅಮೆರಿಕದಲ್ಲಿ ನೆಲೆಸಿರುವ ಕುಟುಂಬಗಳಿಗೆ ಈ ಸಂಗತಿ ಅಪರಿಚಿತವಲ್ಲ. ಆಸ್ಪತ್ರೆಯ ಬಿಲ್ಲು ಒಂದು, ಶಸ್ತ್ರವೈದ್ಯನ ಬಿಲ್ಲು ಇನ್ನೊಂದು. ಇವೆರಡೂ ಮುಗಿಯಿತೆನ್ನುವಷ್ಟರಲ್ಲಿ ಎಂದೂ ಮುಖ ಕಂಡು ಮಾತನಾಡಿದ ನೆನಪಿಲ್ಲದ ಮತ್ತೊಬ್ಬ ವೈದ್ಯನಿಂದ ಮೂರನೆಯದು ಬರುತ್ತದೆ. ಅವನೇ ಅರಿವಳಿಕೆ ತಜ್ಞ. ಅವನ ಬಿಲ್ಲಿನ ರೀತಿಯೇ ಬೇರೆ.

ಅಲ್ಲಿ ಶಸ್ತ್ರವೈದ್ಯನಿಗೆ ಕೆಲಸಕ್ಕಿಷ್ಟು ಎಂದು ಗೊತ್ತು ಮಾಡಿದ ಹಣ. ಅವನು ಒಂದು ಗಂಟೆಯಲ್ಲಿ ಮುಗಿಸಲಿ, ಮೂರು ಗಂಟೆಯಲ್ಲಿ ಮುಗಿಸಲಿ, ಸಂಭಾವನೆ ಅಷ್ಟೇ. ಅರಿವಳಿಕೆಯವನಿಗೆ ಹಾಗಲ್ಲ. ಒಂದೊಂದು ಬಗೆಯ ಶಸ್ತ್ರಚಿಕಿತ್ಸೆಗೂ ಅದರ ತೊಡಕಿಗೆ ತಕ್ಕಂತೆ ಇಷ್ಟು ‘ಮೂಲ ಯೂನಿಟ್ಟು’ಗಳೆಂದು ಪಟ್ಟಿಯಿದೆ. ಕಣ್ಣಿನ ಪೊರೆ ತೆಗೆಯುವುದಕ್ಕೆ 4. ಮೊಣಕಾಲಿನ ಕೀಲನ್ನು ಬದಲಾಯಿಸುವುದಕ್ಕೆ 7. ಯಂತ್ರದಿಂದ ರಕ್ತ ಹರಿಸುತ್ತ ಹೃದಯವನ್ನು ರಿಪೇರಿ ಮಾಡುವುದಕ್ಕೆ 20. ಯಕೃತ್ತಿನ ಕಸಿಗೆ 30. ರೋಗಿಯನ್ನು ಮುಂಚಿತವಾಗಿ ಪರೀಕ್ಷಿಸುವುದು, ಆಮೇಲೆ ಬಂದು ನೋಡುವುದು ಎಲ್ಲವೂ ಇದರಲ್ಲಿ ಅಡಕ. ಇದರ ಮೇಲೆ ಕಾಲದ ಯೂನಿಟ್ಟುಗಳು: ಪ್ರತಿ 15 ನಿಮಿಷಕ್ಕೆ ಒಂದು. ಎರಡನ್ನೂ ಕೂಡಿಸಿ, ಒಂದು ಯೂನಿಟ್ಟಿಗೆ ಇಷ್ಟು ಡಾಲರೆಂಬ ದರದಿಂದ ಗುಣಿಸಿದರೆ ಬಿಲ್ಲು ಸಿದ್ಧ.

ವೃದ್ಧರಿಗಾಗಿ ಸರಕಾರ ನಡೆಸುವ ‘ಮೆಡಿಕೇರ್’ ವಿಮೆಯಲ್ಲಿ 2025ರ ದರ ಯೂನಿಟ್ಟಿಗೆ 20 ಡಾಲರು 32 ಸೆಂಟಿನಷ್ಟಿತ್ತು. ಊರಿನಿಂದ ಊರಿಗೆ ಸ್ವಲ್ಪ ಹೆಚ್ಚುಕಡಿಮೆ. ಮೊಣಕಾಲಿನ ಕೀಲಿಗೆ ಮೂಲ 7, ಎರಡು ಗಂಟೆಗೆ 8, ಒಟ್ಟು 15 ಯೂನಿಟ್ಟು. ಸುಮಾರು 305 ಡಾಲರು. ಖಾಸಗಿ ವಿಮಾ ಕಂಪನಿಗಳು ಇದೇ ಕೆಲಸಕ್ಕೆ ಬಹಳ ಹೆಚ್ಚು ಕೊಡುತ್ತವೆ. ಅಮೆರಿಕದ ಸಂಸತ್ತಿನ ಲೆಕ್ಕತಪಾಸಣಾ ಕಚೇರಿ 2007ರಲ್ಲಿ ವರದಿ ಮಾಡಿದಂತೆ, 2004ರಲ್ಲಿ ಮೆಡಿಕೇರ್ ಕೊಡುತ್ತಿದ್ದುದು ಖಾಸಗಿಯವರು ಕೊಡುವುದಕ್ಕಿಂತ ಸರಾಸರಿ ನೂರಕ್ಕೆ 67ರಷ್ಟು ಕಡಿಮೆ. ಅಜ್ಜನ ನಿದ್ರೆಗೂ ಮೊಮ್ಮಗನ ನಿದ್ರೆಗೂ ಇಷ್ಟು ಅಂತರವೇಕೆಂದು ಅಲ್ಲಿನ ವೈದ್ಯರು ಕೇಳುತ್ತಲೇ ಇದ್ದಾರೆ.

ಗಡಿಯಾರ ಎಲ್ಲಿಂದ ಓಡತಕ್ಕದ್ದು? ಕತ್ತಿ ಚರ್ಮಕ್ಕೆ ತಾಗಿದಾಗಿನಿಂದಲ್ಲ. ರೋಗಿಯನ್ನು ಅರಿವಳಿಕೆಗೆ ಅಣಿಗೊಳಿಸಲು ತೊಡಗಿದ ಕ್ಷಣದಿಂದ, ಅವನನ್ನು ಸುರಕ್ಷಿತವಾಗಿ ದಾದಿಯರ ಆರೈಕೆಗೆ ಒಪ್ಪಿಸಿ ವೈದ್ಯನು ಪಕ್ಕದಿಂದ ಸರಿಯುವವರೆಗೆ. ಅಂದರೆ ಇಲ್ಲಿ ಮಾರಾಟವಾಗುತ್ತಿರುವುದು ರೋಗಿಯ ನಿದ್ರೆಯಲ್ಲ, ವೈದ್ಯನ ಎಚ್ಚರ. ಉಸಿರು, ನಾಡಿ, ರಕ್ತದ ಒತ್ತಡಗಳ ಮೇಲೆ ನೆಟ್ಟ ಕಣ್ಣನ್ನು ಕೀಳದೆ ಕುಳಿತಿರುವ ಆ ಹೊತ್ತನ್ನು ಅಳೆಯಲು ನಿಮಿಷಕ್ಕಿಂತ ನ್ಯಾಯವಾದ ಮಾಪನ ಇನ್ನಾವುದಿದ್ದೀತು?

ಒಬ್ಬ ವೈದ್ಯ ಏಕಕಾಲಕ್ಕೆ ನಾಲ್ಕು ಕೋಣೆಗಳನ್ನು ನೋಡಿಕೊಳ್ಳುವುದೂ ಉಂಟು. ಪ್ರತಿ ಕೋಣೆಯಲ್ಲಿ ಈ ವಿದ್ಯೆಯಲ್ಲಿ ತರಬೇತಿ ಹೊಂದಿದ ನರ್ಸು ಕುಳಿತಿರುತ್ತಾರೆ. ಆಗ ಮೆಡಿಕೇರಿನ ಹಣ ಇಬ್ಬರಿಗೂ ಅರ್ಧರ್ಧ. ಆದರೆ ವೈದ್ಯನು ಏಳು ನಿಬಂಧನೆಗಳನ್ನು ಪಾಲಿಸಿರಬೇಕು: ರೋಗಿಯನ್ನು ಮೊದಲೇ ಪರೀಕ್ಷಿಸಿರಬೇಕು, ಮಂಪರು ಹತ್ತುವಾಗಲೂ ಇಳಿಯುವಾಗಲೂ ತಾನೇ ಪಾಲ್ಗೊಂಡಿರಬೇಕು, ಕರೆದರೆ ಬರುವಷ್ಟು ಸಮೀಪದಲ್ಲಿರಬೇಕು, ಇತ್ಯಾದಿ. ನಾಲ್ಕಕ್ಕಿಂತ ಹೆಚ್ಚು ಕೋಣೆಗಳಾದರೆ ಅರ್ಧಪಾಲೂ ಹೋಯಿತು. ಒಂದೊಂದಕ್ಕೆ ಮೂರೇ ಯೂನಿಟ್ಟು, ಮಂಪರು ಹತ್ತುವಾಗ ಎದುರಿಗಿದ್ದುದನ್ನು ದಾಖಲಿಸಿದರೆ ಮಾತ್ರ ಇನ್ನೊಂದು. ಕಣ್ಣು ಹಂಚಿಹೋದಷ್ಟೂ ಕೂಲಿ ಕುಗ್ಗಬೇಕೆಂಬ ಈ ಏರ್ಪಾಡು ಕಟುವಾದರೂ ವಿವೇಕದ್ದು.

ಇಷ್ಟೆಲ್ಲವನ್ನೂ ಸಂಕೇತಗಳಾಗಿ ಬರೆಯುವವರೇ ಬೇರೆ. ಅರಿವಳಿಕೆಗೆಂದು 00100ರಿಂದ 01999ರವರೆಗಿನ ಅಂಕೆಗಳು ಮೀಸಲಾಗಿವೆ. ಯಾರು ಮಾಡಿದರು, ಎಷ್ಟು ಕೋಣೆಗಳಿದ್ದವು ಎಂಬುದಕ್ಕೆ ಎರಡೆರಡು ಅಕ್ಷರಗಳ ಬಾಲ. ಒಂದಕ್ಷರ ತಪ್ಪಿದರೆ ಹಣ ನಿಂತುಹೋಗುತ್ತದೆ. ಬೆಂಗಳೂರು, ಚೆನ್ನೈ, ಹೈದರಾಬಾದುಗಳ ಕಚೇರಿಗಳಲ್ಲಿ ಕುಳಿತ ಪದವೀಧರ ತರುಣ ತರುಣಿಯರು ಅಮೆರಿಕದ ಆಸ್ಪತ್ರೆಗಳ ಪರವಾಗಿ ಈ ಕೆಲಸವನ್ನು ಮಾಡುತ್ತಿದ್ದಾರೆ. ನಮ್ಮಲ್ಲಿ ಆಯುಷ್ಮಾನ್ ಭಾರತದಂತಹ ಯೋಜನೆಗಳಲ್ಲಿ ಅರಿವಳಿಕೆಯವನ ಸಂಭಾವನೆ ಒಟ್ಟು ಪ್ಯಾಕೇಜಿನಲ್ಲೇ ಸೇರಿಹೋಗುತ್ತದೆ. ನಿಮಿಷದ ಮಾತೇ ಇಲ್ಲ. ಹೊರನಾಡಿನ ನಿಮಿಷಗಳನ್ನು ಎಣಿಸುವ ಕೈಗಳು ಮಾತ್ರ ನಮ್ಮವು.

ರೋಗಿಯ ದುರ್ಬಲತೆಗೂ ಬೆಲೆಯುಂಟು. 1941ರಲ್ಲಿ ಸಕ್ಲಾಡ್ ಮತ್ತು ಅವನ ಇಬ್ಬರು ಸಂಗಡಿಗರು ರೋಗಿಗಳ ದೇಹಸ್ಥಿತಿಯನ್ನು ದರ್ಜೆಗಳಾಗಿ ವಿಂಗಡಿಸಿದರು. ಅವರಿಗೆ ಬೇಕಾಗಿದ್ದುದು ಅಂಕಿಅಂಶವೇ ಹೊರತು ಹಣವಲ್ಲ. ಇಂದು ಅನೇಕ ಖಾಸಗಿ ವಿಮೆಗಳಲ್ಲಿ ಮೂರನೆಯ ದರ್ಜೆಯ ರೋಗಿಗೆ ಒಂದು, ನಾಲ್ಕನೆಯವನಿಗೆ ಎರಡು, ಬದುಕುಳಿಯುವ ಭರವಸೆಯೇ ಕಡಿಮೆಯಾದ ಐದನೆಯವನಿಗೆ ಮೂರು ಯೂನಿಟ್ಟು ಹೆಚ್ಚು. ಮೆಡಿಕೇರ್ ಮಾತ್ರ ಇದಕ್ಕೆ ಬಿಡಿಗಾಸನ್ನೂ ಕೊಡುವುದಿಲ್ಲ. ಹೆಚ್ಚು ಕಾಯಿಲೆಯವರು ಅದರ ಪಾಲಿನ ವೃದ್ಧರೇ ಎಂಬುದು ಇಲ್ಲಿನ ವಿಚಿತ್ರ.

ಈ ಯೂನಿಟ್ಟುಗಳ ಪಟ್ಟಿಯೇ ವೈದ್ಯರು ಒಳಗೊಳಗೆ ಬೆಲೆ ಗೊತ್ತುಮಾಡಿಕೊಳ್ಳುವ ಸಂಚೆಂದು ಸರಕಾರವು ಅರಿವಳಿಕೆ ತಜ್ಞರ ಸಂಘದ ಮೇಲೆ 1975ರಲ್ಲಿ ದಾವೆ ಹೂಡಿತ್ತು. 1979ರಲ್ಲಿ ನ್ಯೂಯಾರ್ಕಿನ ನ್ಯಾಯಾಲಯ ಸಂಘದ ಪರವಾಗಿ ತೀರ್ಪಿತ್ತಿತು. ಪಟ್ಟಿ ಉಳಿಯಿತು.

ಆದರೆ ಸಂಸಾರಸ್ಥರನ್ನು ಹೆಚ್ಚು ಕಾಡಿದ್ದು ಇನ್ನೊಂದು ಪೀಡೆ. ಆಸ್ಪತ್ರೆಯನ್ನು ಆರಿಸಬಹುದು, ಶಸ್ತ್ರವೈದ್ಯನನ್ನು ಆರಿಸಬಹುದು, ಅರಿವಳಿಕೆಯವನನ್ನು ಆರಿಸಿಕೊಳ್ಳುವವರಾರು? ಅವನು ವಿಮಾ ಕಂಪನಿಯೊಡನೆ ಒಪ್ಪಂದ ಮಾಡಿಕೊಂಡವನಲ್ಲದಿದ್ದರೆ ಉಳಿದ ಹಣವೆಲ್ಲ ರೋಗಿಯ ತಲೆಯ ಮೇಲೆ ಬೀಳುತ್ತಿತ್ತು. 2022ರ ಜನವರಿ 1ರಿಂದ ಜಾರಿಗೆ ಬಂದ ಕಾನೂನು, ರೋಗಿಯ ವಿಮೆಗೆ ಸೇರಿದ ಆಸ್ಪತ್ರೆಯಲ್ಲಿ ಹೀಗೆ ವಸೂಲು ಮಾಡುವುದನ್ನು ನಿಷೇಧಿಸಿತು. ಜಗಳವೇನಿದ್ದರೂ ವೈದ್ಯನೂ ಕಂಪನಿಯೂ ಮಧ್ಯಸ್ಥರ ಮುಂದೆ ಬಗೆಹರಿಸಿಕೊಳ್ಳತಕ್ಕದ್ದು. ವಿಮೆಯಿಲ್ಲದೆ ಸ್ವಂತ ಹಣ ಕೊಡುವವರು ಮುಂಗಡವಾಗಿ ಲಿಖಿತ ಅಂದಾಜನ್ನು ಕೇಳಿ ಪಡೆಯಬಹುದು; ಬಿಲ್ಲು ಅದಕ್ಕಿಂತ 400 ಡಾಲರು ಅಥವಾ ಹೆಚ್ಚು ಮೀರಿದರೆ ತಕರಾರು ಸಲ್ಲಿಸಲು 120 ದಿನಗಳ ಅವಕಾಶವಿದೆ.

ಗಡಿಯಾರದ ಮೇಲೆ ನೇರವಾಗಿ ಕೈಯಿಟ್ಟ ಪ್ರಸಂಗ 2024ರದು. ಕನೆಕ್ಟಿಕಟ್, ನ್ಯೂಯಾರ್ಕ್, ಮಿಸೌರಿ ಪ್ರಾಂತಗಳಲ್ಲಿ ಆಂಥಮ್ ಎಂಬ ವಿಮಾ ಕಂಪನಿಯು, ಪ್ರತಿ ಶಸ್ತ್ರಚಿಕಿತ್ಸೆಗೂ ಇಷ್ಟೇ ಹೊತ್ತೆಂದು ಮಿತಿ ಹಾಕಿ, ಅದನ್ನು ಮೀರಿದ ಅರಿವಳಿಕೆಯ ಕಾಲಕ್ಕೆ ಹಣ ಕೊಡುವುದಿಲ್ಲವೆಂದು ಸಾರಿತು. 2025ರ ಫೆಬ್ರವರಿಯಿಂದ ಜಾರಿ. ಕಾಲವನ್ನು ಹಿಗ್ಗಿಸಿ ಬರೆಯುವವರಿಗೆ ಲಗಾಮು ಬೇಕೆಂಬುದು ಒಪ್ಪತಕ್ಕ ಮಾತೇ. ಆದರೆ ಹೊಟ್ಟೆ ತೆರೆದ ಮೇಲೆ ರಕ್ತಸ್ರಾವ ನಿಲ್ಲದೆ ಹೋದರೆ, ಹಳೆಯ ಗಾಯದ ಅಂಟುಗಳು ಬಿಡಿಸಬಾರದಂತಿದ್ದರೆ, ಹೊತ್ತು ಉಳಿಸುವುದು ಅರಿವಳಿಕೆಯವನ ಕೈಯಲ್ಲಿದೆಯೇ? ವೈದ್ಯರ ಸಂಘ ಪ್ರತಿಭಟಿಸಿತು, ಜನ ಸಿಡಿದೆದ್ದರು, ನ್ಯೂಯಾರ್ಕಿನ ಗವರ್ನರರೂ ದನಿಗೂಡಿಸಿದರು. ತಮ್ಮ ಉದ್ದೇಶವನ್ನು ತಪ್ಪಾಗಿ ತಿಳಿಯಲಾಗಿದೆ, ಅಗತ್ಯವಾದ ಅರಿವಳಿಕೆಗೆ ಹಣ ನಿರಾಕರಿಸುವ ಯೋಚನೆ ತಮಗೆ ಎಂದೂ ಇರಲಿಲ್ಲವೆಂದು ಹೇಳಿಕೊಂಡು, ಕಂಪನಿಯು ಡಿಸೆಂಬರ್ 5ರಂದು ಆ ನಿಯಮವನ್ನು ಹಿಂತೆಗೆದುಕೊಂಡಿತು.